ಬೆಂಚಿನ ಕೆಳಗಿನ ಹೆಸರು

ಬಂಬಲಪಿಟಿಯ, ಕೊಲಂಬೊ
22 ನವೆಂಬರ್ 1959, ಭಾನುವಾರ

ಮುದ್ದಿನ ಲೊರೆನ್ಸ್,

ನೀನು, ಡ್ಯಾಫ್ನಿ, ಹುಡುಗರಿಬ್ಬರು ಎಲ್ಲರೂ ಕ್ಷೇಮವೇ? ನಿನ್ನ ಕೆಮ್ಮು ಈಗ ಹೇಗಿದೆ? ಮೆಲ್ಬರ್ನಿನಲ್ಲಿ ಬೆಳಿಗ್ಗೆ ಬಿಸಿಲು, ಸಂಜೆಗೆ ಚಳಿ ಎಂದು ಬರೆದಿದ್ದೆ. ಮಲಗುವಾಗ ಎದೆಗೆ ನೀಲಗಿರಿ ಎಣ್ಣೆ ತಿಕ್ಕಿಕೋ. ಆ ಮರ ನಿಮ್ಮ ಕಡೆಯದೇ ಅಂತೆ, ಎಣ್ಣೆಗೇನು ಬರ? ನನ್ನ ಮೊಣಕಾಲು ಮಳೆಗೆ ಮೊದಲೇ ಮಳೆಯ ಸುದ್ದಿ ಕೊಡುತ್ತದೆ, ಅದೊಂದು ಬಿಟ್ಟರೆ ಚೆನ್ನಾಗಿದ್ದೇನೆ. ನಿನ್ನ ಸೋದರತ್ತೆ ಯುಫೀಮಿಯಳೂ ಚೆನ್ನಾಗಿದ್ದಾಳೆ, ಅಂದರೆ ದಿನಕ್ಕೊಬ್ಬರ ಜೊತೆ ಜಗಳವಾಡುತ್ತಿದ್ದಾಳೆ. ಕ್ರಿಸ್‌ಮಸ್ಸಿನ ಬ್ರೂಡರ್ ಬ್ರೆಡ್ಡಿಗೆ ಒಳ್ಳೆಯ ಒಣದ್ರಾಕ್ಷಿ ಇಲ್ಲವೆಂದು ಈಗಿನಿಂದಲೇ ಅಂಗಡಿಯವನ ಜೀವ ತಿನ್ನುತ್ತಿದ್ದಾಳೆ. ಅವನೋ ಇವಳು ಬರುವುದು ಕಂಡರೆ ಗೋದಾಮಿಗೆ ಹೋಗಿ ಅಡಗಿಕೊಳ್ಳುತ್ತಾನೆ.

ಈಗ ನಿನ್ನ ಮಗಳ ವಿಷಯ. ಬುಧವಾರ ಬೆಳಿಗ್ಗೆ ಆಸ್ಟ್ರೇಲಿಯದ ವಲಸೆ ಕಚೇರಿಯವರು ನೋಲೀನಳನ್ನು ಸಂದರ್ಶನಕ್ಕೆ ಕರೆದಿದ್ದಾರೆ. ಈ ಸಲ ಆಗಲಿಲ್ಲವೆಂದರೆ ಅವಳು ನಿಮ್ಮನ್ನು ಸೇರುವ ದಾರಿ ಮುಚ್ಚಿದ ಹಾಗೆಯೇ ಎಂದು ಎಲ್ಲರೂ ಹೇಳುತ್ತಾರೆ. ನೀವು ಐವರೂ ಒಂದೇ ಕಚೇರಿಗೆ ಒಂದೇ ಕಾಗದಪತ್ರ ಹಿಡಿದು ಹೋದಿರಿ. ನಾಲ್ವರಿಗೆ ಅದೇ ಕಾಗದ ಸಾಕಾಯಿತು, ಇವಳ ಮುಖ ನೋಡಿದ ಮೇಲೆ ಸಾಲದಾಯಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ಯುರೋಪಿನ ರಕ್ತ ಇರಬೇಕಂತೆ. ರಕ್ತ ರಕ್ತ ಎನ್ನುತ್ತಾರೆ, ನೋಡುವುದು ಮಾತ್ರ ಚರ್ಮ. ಬೆಳ್ಳಗಿನ ತಮ್ಮಂದಿರು ಹಡಗು ಹತ್ತಿದರು, ನಿನ್ನ ಅಪ್ಪನ ಬಣ್ಣ ಹೊತ್ತುಕೊಂಡು ಹುಟ್ಟಿದವಳು ನನ್ನ ಹತ್ತಿರ ಉಳಿದಳು. ಹಿಂದಿನಿಂದ ಬರುತ್ತಾಳೆ ಎಂದು ನೀನು ಹೇಳಿ ಹೋದೆ. ನಾನೂ ಹಾಗೆಯೇ ನಂಬಿದ್ದೇನೆ.

ನೀನು ಬರೆದಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದೇನೆ. ಮಧ್ಯಾಹ್ನದ ಬಿಸಿಲಿಗೆ ಬಿಡುತ್ತಿಲ್ಲ. ವೆಲ್ಲವತ್ತದ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದೆ. ನಾವಿನ್ನೂ ಬಾಯಿ ಬಿಟ್ಟಿರಲಿಲ್ಲ, ಆ ಫೋಟೋದವನು ನಮ್ಮ ಮುಖ ನೋಡಿ "ಆಸ್ಟ್ರೇಲಿಯಕ್ಕೋ? ಹಾಗಾದ್ರೆ ಒಂದು ಕೈ ಹೆಚ್ಚೇ ಬಳಿಬೇಕು" ಅಂದ. ಊರಿನ ಅರ್ಧ ಬರ್ಗರರನ್ನು, ಡಚ್ಚರ ವಂಶದವರೆಂದು ಮೆರೆಯುವ ನಮ್ಮವರನ್ನು, ಬೆಳ್ಳಗೆ ಮಾಡಿ ಕಳಿಸಿದ ಮಹಾರಾಯ ಅವನೇ ಇರಬೇಕು. ಫೋಟೋ ಬಂದಾಗ ನಿನ್ನ ಮಗಳು ಅದನ್ನು ಆ ಕಡೆ ಈ ಕಡೆ ತಿರುಗಿಸಿ, "ಅಜ್ಜಿ, ಯಾರಿದು? ಲಕ್ಷಣವಾಗೇ ಇದ್ದಾಳೆ. ಪಾಪ, ಏನೋ ಕಾಯಿಲೆ ಇದ್ದ ಹಾಗಿದೆ" ಅಂದಳು. ನಗು ತಡೆಯಲಾಗದೆ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಅವಳು ನಗುತ್ತಿರಲಿಲ್ಲ.

ಥಿಯೊಬಾಲ್ಡರನ್ನೂ ಹಿಡಿದೆ. ನಿನಗೆ ನೆನಪಿರಬಹುದು, ಸರ್ವೆ ಇಲಾಖೆಯಲ್ಲಿದ್ದವರು, ನಿವೃತ್ತರಾದ ಮೇಲೆ ಒಬ್ಬರೇ ಕೂತು ಡಚ್ ಭಾಷೆ ಕಲಿತು ನಮ್ಮವರ ವಂಶವೃಕ್ಷ ಬರೆದುಕೊಡುತ್ತಾರೆ. ಈಗ ಎಲ್ಲರೂ ಹಡಗು ಹತ್ತುವವರೇ ಆದ್ದರಿಂದ ಅವರಿಗೆ ಪುರುಸೊತ್ತೇ ಇಲ್ಲ. ಸೈಕಲ್ಲಿನಲ್ಲಿ ಬಂದು, ನನ್ನ ಲವ್ ಕೇಕಿನ ದೊಡ್ಡ ತುಂಡನ್ನೇ ತಿಂದು, ನಿನ್ನ ಯುಫೀಮಿಯ ಅತ್ತೆ ಶುರುಮಾಡಿದ ಪುರಾಣವನ್ನು ತಾಳ್ಮೆಯಿಂದ ಕೇಳಿದರು. ಆ ಪುರಾಣ ನಿನಗೂ ಬಾಯಿಪಾಠ: ಮೂಲಪುರುಷ ಯೋಸ್ಟ್ ವ್ಯಾನ್ ಹಾಲ್ಟ್, ಜ್ವೊಲ್ಲೆ ನಗರದವನು, ಕ್ಯಾಪ್ಟನ್ ಆಗಿ ಬಂದವನು, ಡೆಲ್ಫ್ಟಿನ ಕುಲೀನ ಹೆಣ್ಣನ್ನು ಮದುವೆಯಾದವನು, ಮಾತರ ಕೋಟೆಯ ಚರ್ಚಿನಲ್ಲಿ ತನ್ನ ಹದ್ದಿನ ಲಾಂಛನದ ಕೆಳಗೆ ಮಲಗಿರುವವನು. ಎಲ್ಲ ಮುಗಿದ ಮೇಲೆ ಥಿಯೊಬಾಲ್ಡ್ ಕೇಳಿದ್ದು ಒಂದೇ ಪ್ರಶ್ನೆ, ಆ ಡೆಲ್ಫ್ಟಿನ ಹೆಣ್ಣಿನ ಹೆಸರೇನು? ಯುಫೀಮಿಯ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಲೊರೆನ್ಸ್, ಇಷ್ಟು ತಲೆಮಾರು ಆ ಮರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದುಕೊಂಡಿದ್ದೇವೆ, ಅದರಲ್ಲಿ ಗಂಡಸರಿಗೆ ಊರು, ಹಡಗು, ಹುದ್ದೆ ಎಲ್ಲ ಇದೆ, ಹೆಂಗಸರಿಗೆ ಬರೀ 'ವಿವಾಹ' ಎಂಬ ಒಂದು ಮಾತು. ಥಿಯೊಬಾಲ್ಡ್ ಕೇಕಿನ ಪುಡಿ ಒರೆಸಿಕೊಳ್ಳುತ್ತ, "ಬೇಜಾರು ಮಾಡ್ಕೋಬೇಡಿ ಮಿಸೆಸ್. ಎಲ್ಲರ ಮನೇಲೂ ಇದೇ ಕಥೆ. ಗಂಡಸರು ಹಡಗಿನಿಂದ ಇಳೀತಾರೆ. ಹೆಂಗಸರು ಎಲ್ಲಿಂದ ಬಂದ್ರು ಅಂತ ಕೇಳಿ ನೋಡಿ, ಇನ್ನೊಂದು ಕಪ್ ಟೀ ತಂದುಕೊಡ್ತಾರೆ" ಅಂದರು. ಯುಫೀಮಿಯ ಆಗಲೇ ಟೀ ತರಲು ಎದ್ದಿದ್ದಳು, ಪಾಪ, ಮತ್ತೆ ಕೂತುಕೊಂಡಳು.

ಮೂಲಪುರುಷನ ಹೆಂಡತಿ ಡಚ್ಚಳೆಂದು ತೋರಿಸಿದರೆ ನೋಲೀನಳ ಲೆಕ್ಕ ಗಟ್ಟಿಯಾಗುತ್ತದೆ, ಕಲ್ಲಿನ ಮೇಲೆ ಗಂಡನ ಜೊತೆ ಅವಳ ಹೆಸರೂ ಇದ್ದೀತು, ಮಾತರಕ್ಕೇ ಹೋಗಿ ನೋಡೋಣ ಎಂದು ತೀರ್ಮಾನವಾಯಿತು. ಆ ಕಲ್ಲಿನ ಮೇಲೆ ನಾನು ನಿಂತಿದ್ದೇನೆ, ಡ್ಯಾಫ್ನಿಯೂ ನಿಂತಿದ್ದಾಳೆ. ವ್ಯಾನ್ ಹಾಲ್ಟ್ ಮನೆತನಕ್ಕೆ ಬಂದ ಸೊಸೆ, ಹುಟ್ಟಿದ ಮಗಳು, ಯಾರೇ ಆಗಲಿ, ಮದುವೆಯ ಮಾರನೆಯ ದಿನ ಆ ಚರ್ಚಿಗೆ ಹೋಗಿ, ಬೂಟು ಕಳಚಿ, ಬರಿಗಾಲಲ್ಲಿ ಆ ಹದ್ದಿನ ಮೇಲೆ ನಿಂತು ತಲೆಬಾಗಿ ಬರಬೇಕು. ಯಾಕೆ ಎಂದು ನನ್ನ ಅತ್ತೆಯನ್ನು ಕೇಳಿದ್ದೆ, "ಮೊದಲಿಂದ ನಡೆದು ಬಂದಿದೆ, ನಿಂತ್ಕೋ" ಅಂದಿದ್ದರು. ಕಾಣುವುದು ಕಲ್ಲಿನ ಮೇಲ್ತುದಿಯ ಆ ಹಕ್ಕಿಯೊಂದೇ. ಉಳಿದದ್ದರ ಮೇಲೆ ನಿನ್ನ ಮುತ್ತಜ್ಜ, ನ್ಯಾಯಾಧೀಶ ಎವರಾರ್ಡರು ಚರ್ಚಿಗೆ ದಾನ ಕೊಟ್ಟ ದೊಡ್ಡ ಬೆಂಚೂ ಅದರ ಮರದ ವೇದಿಕೆಯೂ ಕೂತಿದ್ದವು. ಈಗ ಆ ವೇದಿಕೆಗೆ ಗೆದ್ದಲು ಹಿಡಿದು ಅದನ್ನು ಕಿತ್ತು ಹಾಕಿದ್ದಾರೆ ಎಂದು ತಿಳಿದದ್ದೇ ನಮಗೊಂದು ಅದೃಷ್ಟ ಎನಿಸಿತು.

ಹೊರಡುವ ಮುಂಚಿನ ಭಾನುವಾರ ನಡೆದದ್ದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ಪ್ರಾರ್ಥನೆ ಮುಗಿದ ಮೇಲೆ ಮಿಸೆಸ್ ಕ್ಲಾಸೆನ್ ಸಿಕ್ಕಿದಳು, ಮೆಲ್ಬರ್ನಿನಿಂದ ರಜೆಗೆ ಬಂದಿದ್ದಾಳೆ, ನಿಮ್ಮ ಬೀದಿಗೆ ಹತ್ತಿರದಲ್ಲೇ ಮನೆಯಂತೆ. ನೋಲೀನ್ ನನ್ನ ಪಕ್ಕದಲ್ಲೇ ನಿಂತಿದ್ದಳು. ಇವಳು ನಿಮ್ಮ ಲೊರೆನ್ಸನ ಮಗಳು ಎಂದು ನಾನು ಹೇಳಿದರೆ ಆ ಹೆಂಗಸು ಕಣ್ಣರಳಿಸಿ, "ಅಯ್ಯೋ ಹೌದಾ! ಅವ್ರಿಗೆ ಇಬ್ರೇ ಗಂಡುಮಕ್ಕಳು ಅಂತಲ್ವಾ ಡ್ಯಾಫ್ನಿ ಹೇಳಿದ್ದು? ನಾವೆಲ್ಲ ಹಾಗೇ ತಿಳ್ಕೊಂಡಿದೀವಿ" ಅಂದಳು. ಆಮೇಲೆ ತಾನೇ ಪೆಚ್ಚಾಗಿ ಹವೆಯ ವಿಷಯ ಮಾತಾಡಿದಳು. ಮನೆಗೆ ಬಂದು ಊಟಕ್ಕೆ ಕೂತಾಗ ನೋಲೀನ್ "ಅಮ್ಮ ಮರೆತಿರಬೇಕು ಅಲ್ವಾ ಅಜ್ಜಿ" ಅಂದಳು. ನಿನ್ನನ್ನು ಬೈಯುವುದಿಲ್ಲ. ಪರದೇಶದಲ್ಲಿ ಹೊಸದಾಗಿ ಬೇರೂರುವವರ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆ ಎಂದೇ ನನಗೆ ಇನ್ನಷ್ಟು ಸಂಕಟ.

ಮಾತರಕ್ಕೆ ನಾವು ನಾಲ್ವರು ಹೊರಟೆವು, ನಾನು, ಯುಫೀಮಿಯ, ನೋಲೀನ್, ಥಿಯೊಬಾಲ್ಡ್. ಬಾಳೆಲೆಯಲ್ಲಿ ಕಟ್ಟಿದ ಲಂಪ್ರೈಸ್ ಅನ್ನ ಒಂದು ಬುಟ್ಟಿ ತುಂಬ. ರೈಲು ಸಮುದ್ರದ ಪಕ್ಕದಲ್ಲೇ ಓಡುತ್ತಿತ್ತು, ಅಲೆಯ ಹನಿ ಕಿಟಕಿಯೊಳಗೆ ಬರುತ್ತಿತ್ತು. ಕಿಟಕಿಗೆ ಕೂತ ನೋಲೀನಳನ್ನು ನೋಡಿ ನಿನ್ನ ಅತ್ತೆಗೆ ಸಮಾಧಾನವಿಲ್ಲ. "ಏ ಹುಡುಗಿ, ಈಚೆ ಬಾ, ಬಿಸಿಲು ಬೀಳ್ತಿದೆ. ಬುಧವಾರ ಯಾವ ಮುಖ ಇಟ್ಕೊಂಡು ಹೋಗ್ತೀಯ?" ಅಂದಳು. "ಇದೇ ಮುಖ ಅಜ್ಜಿ. ಇನ್ನೊಂದು ಸ್ಟುಡಿಯೋದವನ ಹತ್ರ ಇದೆ" ಅಂತ ಇವಳ ಉತ್ತರ. ಥಿಯೊಬಾಲ್ಡ್ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಯುಫೀಮಿಯ ತನ್ನ ಹದ್ದಿನ ಉಂಗುರವನ್ನು ತಿರುಗಿಸುತ್ತ, ಇಂಥ ಮನೆತನದಲ್ಲಿ ಹುಟ್ಟಿ ಈ ಹುಡುಗಿಯ ಬಾಯಿ ನೋಡಿ ಎಂದು ಇಡೀ ಡಬ್ಬಿಗೆ ಕೇಳುವಂತೆ ಗೊಣಗಿದಳು.

ಚರ್ಚಿನಲ್ಲಿ ಕಾವಲುಗಾರ ಸೈಮನ್ ಗೆದ್ದಲು ತಿಂದ ಮರದ ಪುಡಿಯನ್ನೆಲ್ಲ ಗುಡಿಸಿ, ಕಲ್ಲಿನ ಮೇಲೆ ಒಂದು ಕೊಡ ನೀರು ಹೊಯ್ದು ಒರೆಸಿಟ್ಟಿದ್ದ. ನಾನು ಆ ಕಲ್ಲನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಬಾಗಿಲಷ್ಟು ಉದ್ದ ಅಗಲದ ಕರಿಕಲ್ಲು. ಮೇಲ್ತುದಿಯಲ್ಲಿ ನಮ್ಮ ಹದ್ದು. ಆದರೆ ಬೆಂಚು ಹೋದ ಮೇಲೆ ಹಕ್ಕಿಯ ಕಾಲು ಕಂಡಿತು, ಕಾಲ ಹಿಂದೆ ಒಂದು ಮರಿ ಕಂಡಿತು, ಅದರ ಹಿಂದೆ ಇನ್ನೊಂದು, ಹೀಗೆ ಕಲ್ಲಿನ ಅಂಚಿನುದ್ದಕ್ಕೂ ಮರಿಗಳ ಸಾಲು. ಪಕ್ಕದಲ್ಲಿ ಬಾಯಿ ತೆರೆದ ಒಂದು ಒಲೆ, ಬ್ರೆಡ್ಡು ಸುಡುವಂಥ ಗೂಡೊಲೆ. ಸೈಮನ್ನೇ, ಒಳ್ಳೆಯ ಮನಸ್ಸಿನಿಂದಲೇ, "ಎಷ್ಟು ಚೆನ್ನಾಗಿ ಕೆತ್ತಿದಾರೆ ನೋಡಿ ಅಮ್ಮ, ಕೋಳಿ ಮರಿ" ಅಂದ. ಯುಫೀಮಿಯಳ ಮುಖ ನೀನು ನೋಡಬೇಕಿತ್ತು. "ಕೋಳಿನಾ?" ಅಂದಳು. ನಮ್ಮ ಮದುವೆಯ ಆಮಂತ್ರಣಗಳ ಮೇಲೆ, ಬೆಳ್ಳಿ ಚಮಚಗಳ ಮೇಲೆ, ನಿನ್ನ ಅಪ್ಪನ ಕಫ್‌ಲಿಂಕಿನ ಮೇಲೆ ಇಷ್ಟು ವರ್ಷ ಹಾರಾಡಿದ್ದು ಮನೆಯಂಗಳದ ಹೇಂಟೆ.

ಅಕ್ಷರಗಳು ಸವೆದುಹೋಗಿದ್ದವು, ಬರಿಗಣ್ಣಿಗೆ ಹತ್ತುತ್ತಿರಲಿಲ್ಲ. ಥಿಯೊಬಾಲ್ಡ್ ಅದಕ್ಕೆಂದೇ ತಂದಿದ್ದ ಉದ್ದನೆಯ ತೆಳುಕಾಗದವನ್ನು ಕಲ್ಲಿನ ಮೇಲೆ ಹಾಸಿದರು. ಅವರಿಗೆ ಬಗ್ಗಲು ಸೊಂಟ ಬಿಡದು, ನೋಲೀನ್ ಮಂಡಿಯೂರಿ ಇದ್ದಿಲ ತುಂಡು ಹಿಡಿದು ಕಾಗದವನ್ನು ಮೆಲ್ಲಗೆ ಉಜ್ಜಿದಳು. ಕಪ್ಪು ಬಳಿದ ಕಡೆಯೆಲ್ಲ ಕೆತ್ತಿದ ಅಕ್ಷರ ಬೆಳ್ಳಗೆ ಎದ್ದು ಬರತೊಡಗಿತು. ಲೊರೆನ್ಸ್, ನಾನು ದೆವ್ವಭೂತ ನಂಬುವವಳಲ್ಲ. ಆದರೂ ಆ ಅಕ್ಷರಗಳು ಒಂದೊಂದಾಗಿ ಮೇಲೆ ಬರುತ್ತಿದ್ದಾಗ ಯಾರೋ ಕೆಳಗಿನಿಂದ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ ಅನ್ನಿಸಿತು. ಥಿಯೊಬಾಲ್ಡ್ ಕನ್ನಡಕ ಒರೆಸಿ ಓದಿದರು, ನಿಂತರು, ಮತ್ತೆ ಮೊದಲಿನಿಂದ ಓದಿದರು. ಆಮೇಲೆ ನಮ್ಮ ಭಾಷೆಯಲ್ಲಿ ಹೇಳಿದರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ: 'ಇಲ್ಲಿ ಮಲಗಿದ್ದಾಳೆ ಕೊಚ್ಚಿಯ ದೊಮಿಂಗ, ಸ್ವತಂತ್ರ ಹೆಣ್ಣು. ಅವಳ ಪಕ್ಕದಲ್ಲಿ ಅವಳ ತಾಯಿ, ಮಗಳು ತನ್ನ ಒಲೆಯ ದುಡಿಮೆಯಿಂದ ಬಿಡಿಸಿ ತಂದವಳು.' ಕೆಳಗೆ 1764 ಎಂದಿತ್ತು. ಯೋಸ್ಟ್ ವ್ಯಾನ್ ಹಾಲ್ಟನ ಹೆಸರು ಎಲ್ಲಿಯೂ ಇರಲಿಲ್ಲ.

ಯುಫೀಮಿಯ ತಕ್ಷಣ "ಸ್ವತಂತ್ರ ಅಂದ್ರೆ ಒಳ್ಳೇದೇ ಅಲ್ವಾ? ದೊಡ್ಡ ಮನೆತನದವಳು ಅಂತ ತಾನೇ?" ಅಂದಳು. ಥಿಯೊಬಾಲ್ಡ್ ಅವಳ ಮುಖ ನೋಡಲಾರದೆ ಸೈಮನ್ನನ ಪೊರಕೆ ನೋಡುತ್ತ, "ಹುಟ್ಟುತ್ತಲೇ ಸ್ವತಂತ್ರರಾಗಿದ್ದವರ ಕಲ್ಲಿನ ಮೇಲೆ ಅದನ್ನ ಯಾರೂ ಕೆತ್ತಿಸೋದಿಲ್ಲ ಮಿಸ್" ಅಂದರು. ಅವರಿಗೆ ಮೊದಲೇ ಅರ್ಧ ಅನುಮಾನವಿತ್ತಂತೆ, ಹಳೆಯ ಡಚ್ ದಾಖಲೆಯಲ್ಲಿ ಯೋಸ್ಟನ ಹೆಂಡತಿಯ ಹೆಸರು ದೊಮಿಂಗ ಎಂದಷ್ಟೇ ಕಂಡಿದ್ದರಂತೆ. ಯೋಸ್ಟ್ ಕ್ಯಾಪ್ಟನ್ನೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ, ಸಾಮಾನ್ಯ ಸಿಪಾಯಿ. ಮಕ್ಕಳು ಸಣ್ಣವರಿರುವಾಗಲೇ ಜ್ವರದಲ್ಲಿ ತೀರಿಕೊಂಡವನು, ಗೋರಿ ಎಲ್ಲೋ, ಯಾರಿಗೂ ಗೊತ್ತಿಲ್ಲ. ಹಡಗಿನಲ್ಲಿ ಕೊಚ್ಚಿಯಿಂದ ಸರಕಿನಂತೆ ತಂದು ಮಾರಿದ ಒಬ್ಬಳು ಹೆಣ್ಣು, ಬಿಡುಗಡೆಯಾಗಿ, ಮದುವೆಯಾಗಿ, ವಿಧವೆಯಾಗಿ, ಕೋಟೆಯ ಸಿಪಾಯಿಗಳಿಗೆ ಬ್ರೆಡ್ಡು ಸುಟ್ಟುಕೊಟ್ಟು ಆ ಮಕ್ಕಳನ್ನೆಲ್ಲ ಸಾಕಿದಳು. ಅಷ್ಟು ಸಾಲದೆಂದು ಬೇರೆ ಯಾರದೋ ಮನೆಯಲ್ಲಿ ಇನ್ನೂ ತೊತ್ತಾಗಿ ಉಳಿದಿದ್ದ ತನ್ನ ತಾಯಿಯನ್ನು ಬಿಡಿಸಿಕೊಂಡು ಬಂದಳು. ಅದನ್ನು ಮುಚ್ಚಿಡಲಿಲ್ಲ. ಊರಿನ ದೊಡ್ಡ ಅಧಿಕಾರಿಗಳೆಲ್ಲ ಬಂದು ಕೂರುವ ಚರ್ಚಿನ ನಟ್ಟನಡುವೆ, ಎಲ್ಲರ ಕಾಲಿಗೂ ಕಣ್ಣಿಗೂ ಸಿಗುವಂತೆ, ಕಲ್ಲಿನಲ್ಲಿ ಕೆತ್ತಿಸಿ ಅದರಡಿ ಮಲಗಿದಳು.

ನಾನು ಅಲ್ಲೇ ಪಕ್ಕದ ಬೆಂಚಿನಲ್ಲಿ ಕೂತೆ. ನಮ್ಮ ಹಜಾರದ ಗೋಡೆಯ ಮೇಲಿರುವವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ನ್ಯಾಯಪೀಠದ ಮೇಲೆ ಕೂತು ಯಾರಿಗೂ ತಲೆಬಾಗದ ಎವರಾರ್ಡ್. ಕಣ್ಣಿನ ಡಾಕ್ಟರಾಗಿ ಬಡವರಿಗೆ ಪುಕ್ಕಟೆ ಆಪರೇಷನ್ ಮಾಡಿ ಊರಿಗೂರೇ ಕೈಮುಗಿಯುವಂತಾದ ನಿನ್ನ ದೊಡ್ಡಪ್ಪ. ಹಾಳುಬಿದ್ದ ಕೆರೆಗಳಿಗೆ ಮತ್ತೆ ಏರಿ ಕಟ್ಟಿಸಿದ ಇಂಜಿನಿಯರ್ ಅಡ್ರಿಯನ್. ಲಂಡನ್ನಿಗೆ ಹೋಗಿ ಪಿಟೀಲು ನುಡಿಸಿ ಬಂದ ನಿನ್ನ ಸೋದರತ್ತೆ ಹೆನ್ರಿಯೆಟ್ಟ. ಡಚ್ಚರ ರಕ್ತ, ಡಚ್ಚರ ಶಿಸ್ತು, ಡಚ್ಚರ ಮೆದುಳು ಎಂದು ಎಷ್ಟು ಊಟದ ಮೇಜುಗಳಲ್ಲಿ ಎಷ್ಟು ಭಾಷಣ ಕೇಳಿದ್ದೇನೆ! ಅವರಷ್ಟೂ ಜನ ಈ ಒಲೆಯ ಬಾಯಿಯಿಂದ ಬಂದವರು. ಬರಿಗಾಲಲ್ಲಿ ಬಂದು ತಲೆಬಾಗಿದ ಇಷ್ಟೊಂದು ಮದುವಣಗಿತ್ತಿಯರು, ನಾನೂ ಸೇರಿ, ಬಾಗಿದ್ದು ಇವಳಿಗೆ. ಆ ಪದ್ಧತಿಯನ್ನು ಶುರುಮಾಡಿದವರು ಅವಳ ಹೆಣ್ಣುಮಕ್ಕಳೇ ಇರಬೇಕು. ಅರ್ಥ ಮರೆತುಹೋಯಿತು, ಕಾಲು ಮಾತ್ರ ಮರೆಯದೆ ಅಲ್ಲಿಗೇ ಬಂತು. ಇನ್ನೊಂದು ಮಾತು. ಅಷ್ಟು ದೊಡ್ಡ ಚರ್ಚಿನಲ್ಲಿ ಎವರಾರ್ಡರು ತಮ್ಮ ಭಾರದ ಬೆಂಚನ್ನು ಸರಿಯಾಗಿ ಆ ಅಕ್ಷರಗಳ ಮೇಲೆಯೇ ತಂದಿಟ್ಟರು, ಹಕ್ಕಿಯೊಂದನ್ನು ಬಿಟ್ಟು. ಅವರಿಗೆ ಡಚ್ ಚೆನ್ನಾಗಿ ಬರುತ್ತಿತ್ತು. ಅವರಿಗೆ ಗೊತ್ತಿತ್ತು ಲೊರೆನ್ಸ್.

ನೋಲೀನ್ ಎದ್ದಳು, ಮೊಣಕೈವರೆಗೂ ಇದ್ದಿಲು. ನಿನ್ನ ಅತ್ತೆ ಅಭ್ಯಾಸಬಲದಿಂದ "ಮೊದಲು ಕೈ ತೊಳ್ಕೋ ಹೋಗು, ಎಷ್ಟು ಕಪ್ಪಾಗಿದೆ" ಅಂದವಳು ಅರ್ಧಕ್ಕೇ ನಿಲ್ಲಿಸಿದಳು. ನಾವು ಹೊರಡಲು ಬಾಗಿಲವರೆಗೆ ಬಂದು ತಿರುಗಿ ನೋಡಿದರೆ ಯುಫೀಮಿಯ ಇಲ್ಲ. ಕಲ್ಲಿನ ಹತ್ತಿರ ಕೂತು ಬೂಟಿನ ದಾರ ಬಿಚ್ಚುತ್ತಿದ್ದಾಳೆ. ಮದುವೆಯಾಗದೆ ಉಳಿದವಳಲ್ಲವೇ, ಆ ಕಲ್ಲಿನ ಮೇಲೆ ನಿಲ್ಲುವ ಹಕ್ಕು ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಪ್ರತಿ ಸೊಸೆಯನ್ನೂ ಕರೆದುಕೊಂಡು ಹೋಗಿ ನಿಲ್ಲಿಸಿದವಳು, ಪಕ್ಕದಲ್ಲಿ ಅವರ ಬೂಟು ಹಿಡಿದು ನಿಂತವಳು. ಈಗ ಊದಿದ ಪಾದಗಳನ್ನು ಒಂದೊಂದಾಗಿ ಆ ಹೇಂಟೆಯ ಮೇಲೆ ಇಟ್ಟು ತಲೆಬಾಗಿ ನಿಂತಳು. ಹತ್ತಿರ ಹೋದರೆ "ತಣ್ಣಗಿದೆ ಅತ್ತಿಗೆ" ಅಂದಳು, ಅಷ್ಟೇ. ನೋಲೀನ್ ಹೋಗಿ ಅವಳ ಬೂಟು ಹಿಡಿದುಕೊಂಡು ನಿಂತಳು.

ಈಗ ಬುಧವಾರದ ಮಾತು. ಥಿಯೊಬಾಲ್ಡ್ ರೈಲಿನಲ್ಲಿ ಬಹಳ ಹೊತ್ತು ಯೋಚಿಸಿ ಒಂದು ದಾರಿ ಹೇಳಿದರು. ಕೊಚ್ಚಿಯೂ ಆಗ ಡಚ್ಚರ ಕೈಯಲ್ಲೇ ಇತ್ತು, ಅಲ್ಲಿ ಡಚ್ ಸಂಸಾರಗಳೂ ಇದ್ದವು. ವಂಶವೃಕ್ಷದಲ್ಲಿ 'ಕೊಚ್ಚಿಯ ದೊಮಿಂಗ' ಎಂದಷ್ಟೇ ಬರೆದು 'ಸ್ವತಂತ್ರ ಹೆಣ್ಣು' ಎಂಬುದನ್ನು ಬಿಟ್ಟರೆ, ಕಚೇರಿಯವರು ಅವಳನ್ನು ಅಲ್ಲಿನ ಡಚ್ ಅಧಿಕಾರಿಯ ಮಗಳೆಂದು ತಿಳಿದುಕೊಳ್ಳುತ್ತಾರೆ. "ಸುಳ್ಳು ಬರೆದ ಹಾಗಾಗಲ್ಲ ಮಿಸೆಸ್. ಒಂದು ಮಾತು ಬರೀಲಿಲ್ಲ ಅಷ್ಟೆ" ಅಂದರು, ಆದರೆ ಹೇಳುವಾಗ ಅವರ ಮುಖದಲ್ಲಿ ಗೆಲುವಿರಲಿಲ್ಲ. ಪೂರ್ತಿ ಬರೆದರೆ ನೋಲೀನಳಿಗೆ ಬಾಗಿಲು ಮುಚ್ಚುವುದಲ್ಲದೆ, ಅದೇ ಮರದ ಕೊಂಬೆಯಾದ ನಿನ್ನ ಕಾಗದವನ್ನೂ ಅವರು ಮತ್ತೆ ತೆಗೆದು ನೋಡಬಹುದು. ನಾನು ಹೆಚ್ಚು ಯೋಚಿಸಲಿಲ್ಲ, ಬಿಟ್ಟುಬಿಡಿ ಅಂದೆ. ದೊಮಿಂಗಳಿಗೆ ನನ್ನ ನಮಸ್ಕಾರ ಸಾವಿರ, ಆದರೆ ಮಗು ಅಪ್ಪ ಅಮ್ಮನ ಹತ್ತಿರ ಇರಬೇಕು. ತನ್ನ ತಾಯಿಯನ್ನು ಬಿಡಿಸಿಕೊಂಡು ಬಂದವಳು ಇದಕ್ಕೆ ಬೇಸರಪಡಲಾರಳು ಎಂದು ನನಗೆ ನಾನೇ ಹೇಳಿಕೊಂಡೆ. ನೋಲೀನ್ "ನೀವು ಹೇಳಿದ ಹಾಗೇ ಆಗ್ಲಿ ಅಜ್ಜಿ" ಅಂದಳು. ಅಷ್ಟು ಸುಲಭವಾಗಿ ಒಪ್ಪುವ ಹುಡುಗಿಯಲ್ಲ ಅವಳು, ಅದೇ ನನಗೆ ಅಳುಕು. ಇದ್ದಿಲ ಕಾಗದವನ್ನು ಸುರುಳಿ ಸುತ್ತಿ ತನ್ನ ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದಾಳೆ.

ನಿಮ್ಮನ್ನೆಲ್ಲ ದೇವರು ತನ್ನ ಅಂಗೈಯಲ್ಲಿಟ್ಟು ಕಾಯಲಿ. ಡ್ಯಾಫ್ನಿಗೆ ನನ್ನ ಪ್ರೀತಿ, ಅವಳ ಮೇಲೆ ನನಗೆ ಸಿಟ್ಟಿಲ್ಲವೆಂದು ಹೇಳು, ಸ್ವಲ್ಪ ಇತ್ತು, ಬರೆದ ಮೇಲೆ ಇಳಿಯಿತು. ಹುಡುಗರ ಕೆನ್ನೆಗೆ ನನ್ನ ಮುತ್ತು. ಬುಧವಾರ ನಮಗಾಗಿ ಪ್ರಾರ್ಥನೆ ಮಾಡಿ. ಯುಫೀಮಿಯ ಅತ್ತೆ ಪ್ರೀತಿ ಹೇಳಿದ್ದಾಳೆ, ಉಂಗುರ ಮಾತ್ರ ಇನ್ನೂ ತೆಗೆದಿಲ್ಲ, ಈಗ ಅದನ್ನು ಎಲ್ಲರಿಗೂ ಕೋಳಿ ಅಂತಲೇ ತೋರಿಸುತ್ತಾಳೆ.

ಸದಾ ನಿನ್ನನ್ನೇ ನೆನೆಯುವ
ಅಮ್ಮ
(ಒಟೀಲಿಯ ವ್ಯಾನ್ ಹಾಲ್ಟ್)

ತಾ.ಕ.: ಬುಧವಾರ ಮಧ್ಯಾಹ್ನ. ಭಾನುವಾರದಿಂದ ಈ ಪತ್ರ ಅಂಚೆಗೆ ಹಾಕಿರಲಿಲ್ಲ, ಹಾಕದಿದ್ದದ್ದೇ ಒಳ್ಳೆಯದಾಯಿತು. ಅಂಚೆಯವನು ಪೆಟ್ಟಿಗೆ ತೆರೆಯುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೋಲೀನ್ ಈಗ ತಾನೇ ಬಂದಳು. ಅಧಿಕಾರಿ ಮರ್ಯಾದಸ್ಥನಂತೆ, ಕೂರಿಸಿ ಮಾತಾಡಿದನಂತೆ. ಥಿಯೊಬಾಲ್ಡರು ಬರೆದದ್ದನ್ನು ಓದಿ, ಎಲ್ಲ ಸರಿಯಿದೆ ಎಂದು ಮೊಹರು ಕೈಗೆತ್ತಿಕೊಂಡನಂತೆ. ಆಗ ಇವಳು ಆ ಸುರುಳಿಯನ್ನು ಅವನ ಮೇಜಿನ ಮೇಲೆ ಬಿಚ್ಚಿ ಹಾಸಿ, ಬಿಟ್ಟುಹೋದ ಮಾತನ್ನು ಬೆರಳಿಟ್ಟು ತೋರಿಸಿ, ಅದರ ಅರ್ಥವನ್ನೂ ಹೇಳಿದಳಂತೆ. ಅವನು ಅದನ್ನು ನೋಡಿ, "ಇದನ್ನ ನಾನು ನೋಡಲಿಲ್ಲ ಅಂದ್ಕೊಳ್ಲಾ?" ಎಂದು ಕೇಳಿದನಂತೆ. "ಬೇಡ, ನೋಡಿ. ನೋಡದೇ ಇರೋರು ನಮ್ಮ ಮನೇಲೇ ಬೇಕಾದಷ್ಟು ಜನ ಇದ್ದಾರೆ" ಅಂದಳಂತೆ. ಮೊಹರು ಕೆಳಗಿಟ್ಟನಂತೆ. ನಿನ್ನ ಮಗಳು ಬರುವುದಿಲ್ಲ ಲೊರೆನ್ಸ್. ನಾನು ಅಳುತ್ತ ಬರೆಯುತ್ತಿದ್ದೇನೆ, ಆದರೆ ಅವಳು ಬಾಗಿಲಲ್ಲಿ ಬಂದು ನಿಂತ ರೀತಿಗೆ ನಾನು ಕುರ್ಚಿಯಿಂದ ಎದ್ದು ನಿಂತೆ, ಯಾಕೆಂದು ಗೊತ್ತಿಲ್ಲ. ಮುಖ್ಯವಾದದ್ದು ಕೇಳು: ನಿನ್ನ ಅರ್ಜಿಯಲ್ಲಿ ಈ ಹೆಸರಿಲ್ಲ, ಅಲ್ಲಿ ವಿಚಾರಿಸಬೇಕಾಗುತ್ತದೆ ಎಂದು ಅವನು ಹೇಳಿದನಂತೆ. ನಿನ್ನನ್ನು ವಾಪಸು ಕಳಿಸಲಾರರು ಎಂದು ಥಿಯೊಬಾಲ್ಡ್ ಧೈರ್ಯ ಹೇಳುತ್ತಾರೆ. ಆದರೆ ಯಾರಾದರೂ ಬಂದೇ ಬರುತ್ತಾರೆ. ಬಂದರೆ ಒಳಗೆ ಕರೆದು ಕೂರಿಸು. ನಿಮ್ಮ ಮೂಲ ಯಾರು ಎಂದು ಕೇಳಿದರೆ ಗೊತ್ತಿಲ್ಲ ಅನ್ನಬೇಡ, ದೊಮಿಂಗ ಅನ್ನು. ಆಮೇಲೆ ಮಕ್ಕಳೆಷ್ಟು ಎಂದು ಕೇಳುತ್ತಾರೆ. ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳು, ಮೂವರು ಅಂತ.